ನ್ಯೂಸ್‌ರೀಲಿಗೆ ಎದ್ದು ಹೋದವರು ಕಳಕೊಂಡದ್ದೇನು?

ಟಾಕೀಸಿನಲ್ಲಿ ಬೆಲ್ ಹೊಡೆದ ಮೇಲೂ ಗೇಟಿನ ಹತ್ತಿರ ಬೀಡಿ ಎಳೆಯುತ್ತ ನಿಲ್ಲುವವರು ಹಿಂದೆ ಪ್ರತಿ ಊರಿನಲ್ಲೂ ಇದ್ದರು. ‘ಇನ್ನೂ ನ್ಯೂಸ್‌ರೀಲು ಕಣಯ್ಯಾ, ಅವಸರ ಏನು?’ ಎಂಬುದು ಅವರ ವಾದ. ಒಳಗೆ ಕಪ್ಪು ಬಿಳುಪಿನಲ್ಲಿ ಮಂತ್ರಿಗಳು ಅಣೆಕಟ್ಟಿಗೆ ಹೂವು ಹಾಕುತ್ತಿದ್ದರು. ನೆರೆ, ಬರ, ಕುಟುಂಬ ಯೋಜನೆ ಎಲ್ಲ ಮುಗಿದು ಸೆನ್ಸಾರ್ ಸರ್ಟಿಫಿಕೇಟು ಪರದೆಯ ಮೇಲೆ ಬಂತೆಂದರೆ ಇವರು ಒಳನುಗ್ಗಿ, ಕತ್ತಲಲ್ಲಿ ಯಾರದೋ ಕಾಲು ತುಳಿದು, ಸೀಟು ಹಿಡಿಯುತ್ತಿದ್ದರು.

ಅವರನ್ನು ಬೈದು ಪ್ರಯೋಜನವಿಲ್ಲ. ದುಡ್ಡು ಕೊಟ್ಟಿದ್ದು ರಾಜಕುಮಾರ್ ಚಿತ್ರಕ್ಕೇ ಹೊರತು ಅಣೆಕಟ್ಟಿಗಲ್ಲ! ಆದರೆ ಹಾಗೆ ಹೊರಗೆ ನಿಂತ ಕಾಲು ಗಂಟೆಯಲ್ಲಿ ಕೈತಪ್ಪಿ ಹೋದದ್ದು ಬರೀ ಸರಕಾರಿ ಭಾಷಣವಷ್ಟೇ ಅಲ್ಲ. ಕಿರುಚಿತ್ರ ಎಂಬ ಒಂದು ಇಡೀ ಜಾತಿಯ ಸಿನಿಮಾವೇ ‘ಅದು ನೋಡುವಂಥದ್ದಲ್ಲ’ ಎಂಬ ಹೆಸರು ಪಡೆದುಬಿಟ್ಟಿತು. ಆ ಹೆಸರು ಇವತ್ತಿಗೂ ಹೋಗಿಲ್ಲ.

ಕಾನೂನು ಗೆದ್ದಿತು, ಚಿತ್ರ ಸೋತಿತು

ಫಿಲಂಸ್ ಡಿವಿಜನ್ ಹುಟ್ಟಿದ್ದು 1948ರಲ್ಲಿ. ಅದು ಮಾಡಿದ ಸುದ್ದಿಚಿತ್ರ, ಸಾಕ್ಷ್ಯಚಿತ್ರಗಳನ್ನು ಪ್ರತಿ ಆಟಕ್ಕೂ ಮುಂಚೆ ತೋರಿಸಲೇಬೇಕು ಎಂಬುದು ಟಾಕೀಸಿನ ಲೈಸೆನ್ಸಿನ ಷರತ್ತಾಗಿತ್ತು. ಅಳತೆಯೂ ಗೊತ್ತಾಗಿತ್ತು. ಸುಮಾರು 2000 ಅಡಿ ರೀಲು, ಅಂದರೆ ಸುಮಾರು 20 ನಿಮಿಷ. ತೋರಿಸಿದರೆ ಮುಗಿಯಲಿಲ್ಲ, ವಾರದ ನಿವ್ವಳ ಕಲೆಕ್ಷನ್ನಿನಲ್ಲಿ ಶೇಕಡ 1ರಷ್ಟು ಬಾಡಿಗೆಯನ್ನೂ ಟಾಕೀಸಿನವರೇ ಕಟ್ಟಬೇಕು.

ಟಾಕೀಸು ನಮ್ಮದು, ಕರೆಂಟು ನಮ್ಮದು, ತೋರಿಸಿದ್ದಕ್ಕೆ ದುಡ್ಡೂ ನಾವೇ ಕೊಡಬೇಕಾ ಎಂದು ಸಿನಿಮಾ ವ್ಯಾಪಾರದವರು ಕೋರ್ಟು ಹತ್ತಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1999ರಲ್ಲಿ ತೀರ್ಪು ಬಂತು: ಕಡ್ಡಾಯ ಪ್ರದರ್ಶನ ಸರಿಯೇ ಇದೆ! ಆದರೆ ಅಷ್ಟು ಹೊತ್ತಿಗೆ ಮನೆಮನೆಗೆ ಟೀವಿ ಬಂದು, ನಿನ್ನೆಯ ಸುದ್ದಿಗೂ ಗಿರಾಕಿ ಇಲ್ಲದಂತಾಗಿತ್ತು. ಇನ್ನು ಹೋದ ತಿಂಗಳ ಸುದ್ದಿಯ ಪಾಡೇನು? ಕಾನೂನು ಗೆದ್ದಿತು, ಚಿತ್ರ ಸೋತಿತು. 2022ರಲ್ಲಿ ಫಿಲಂಸ್ ಡಿವಿಜನ್ ಎಂಬ ಬೋರ್ಡೇ ಇಳಿದು, ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಒಳಗೆ ಸೇರಿಹೋಯಿತು.

ಹಾಗಂತ ಅಲ್ಲಿ ತಯಾರಾದದ್ದೆಲ್ಲ ಹೊಟ್ಟು ಎಂದುಕೊಂಡರೆ ಮೋಸ ಹೋದಂತೆ. ಎಸ್.ಎನ್.ಎಸ್. ಶಾಸ್ತ್ರಿ ಎಂಬುವರು 1967ರಲ್ಲಿ ‘ಐ ಆಮ್ 20’ ಎಂಬ ಚಿತ್ರ ಮಾಡಿದರು. ಸ್ವಾತಂತ್ರ್ಯ ಬಂದ 1947ರಲ್ಲಿ ಹುಟ್ಟಿ ಇಪ್ಪತ್ತು ತುಂಬಿದ ಹುಡುಗ ಹುಡುಗಿಯರನ್ನು ದೇಶದ ನಾನಾ ಕಡೆ ಹುಡುಕಿ, ‘ಈ ದೇಶದ ಬಗ್ಗೆ ಏನನ್ನಿಸುತ್ತೆ, ಹೇಳ್ರಪ್ಪಾ’ ಎಂದು ಕ್ಯಾಮೆರಾ ಇಟ್ಟರು. ಹುಡುಗರು ಮುಲಾಜಿಲ್ಲದೆ ಮಾತಾಡಿದರು. ಸರಕಾರದ ದುಡ್ಡಿನಲ್ಲಿ ಸರಕಾರಕ್ಕೇ ಕನ್ನಡಿ! ಫಾಲಿ ಬಿಲಿಮೋರಿಯಾ 1968ರಲ್ಲಿ ಮಾಡಿದ ‘ದಿ ಹೌಸ್ ದಟ್ ಆನಂದ ಬಿಲ್ಟ್’ ಒರಿಸ್ಸಾದ ಒಂದು ರೈತ ಸಂಸಾರದ ಕತೆ. ಅದು ಆಸ್ಕರ್ ಪ್ರಶಸ್ತಿಯ ಕಣದವರೆಗೆ ಹೋಗಿಬಂತು. ಇವೂ ಆ ‘ನ್ಯೂಸ್‌ರೀಲಿನ ಹೊತ್ತಿನ’ ಚಿತ್ರಗಳೇ.

ಸಿನಿಮಾ ಹುಟ್ಟಿದ್ದೇ ಗಿಡ್ಡವಾಗಿ

ಇನ್ನೊಂದು ಮಾತು. ಕಿರುಚಿತ್ರ ಎಂದರೆ ದೊಡ್ಡ ಸಿನಿಮಾ ಮಾಡಲು ದುಡ್ಡು ಸಾಲದವರು ಮಾಡುವ ಪುಟ್ಟ ಸಿನಿಮಾ ಎಂದು ಬಹಳ ಮಂದಿ ತಿಳಿದಿದ್ದಾರೆ. ಇತಿಹಾಸ ಬೇರೆಯೇ ಹೇಳುತ್ತದೆ.

1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಒಂದು ಕಾಫಿ ಹೋಟೆಲಿನ ನೆಲಮಾಳಿಗೆಯಲ್ಲಿ ಲ್ಯುಮಿಯೇರ್ ಸಹೋದರರು ಟಿಕೆಟ್ಟಿಟ್ಟು ಚಿತ್ರ ತೋರಿಸಿದರು. ಟಿಕೆಟ್ ಒಂದು ಫ್ರಾಂಕ್. ಬಂದವರು 33 ಜನ. ತೋರಿಸಿದ್ದು ಹತ್ತು ಚಿತ್ರ, ಒಂದೊಂದೂ ಒಂದು ನಿಮಿಷದ ಒಳಗೆ! ಆರು ತಿಂಗಳು ಕಳೆದ ಕೆಲವೇ ದಿನಕ್ಕೆ, 1896ರ ಜುಲೈ 7ರಂದು, ಅದೇ ಆಟ ಬೊಂಬಾಯಿಯ ವಾಟ್ಸನ್ ಹೋಟೆಲಿಗೆ ಬಂತು. ಆರು ಚಿತ್ರ, ಒಂದು ರೂಪಾಯಿ ಟಿಕೆಟ್. ಹಿಂದುಸ್ತಾನದ ಜನ ಮೊಟ್ಟಮೊದಲು ನೋಡಿದ ಸಿನಿಮಾ ಕಿರುಚಿತ್ರವೇ. ಮೂರು ಗಂಟೆ, ಆರು ಹಾಡು, ನಾಲ್ಕು ಫೈಟು ಎಲ್ಲ ಆಮೇಲೆ ಬಂದ ಅಭ್ಯಾಸ.

ಆಸ್ಕರ್‌ನವರ ಲೆಕ್ಕದಲ್ಲಿ ಹೆಸರಿನ ಪಟ್ಟಿಯೂ ಸೇರಿ 40 ನಿಮಿಷದೊಳಗೆ ಮುಗಿಯುವುದು ಕಿರುಚಿತ್ರ. ಆದರೆ ಉದ್ದ ಅಳೆದರೆ ಸತ್ವ ತಿಳಿಯುವುದಿಲ್ಲ. ಸತ್ವ ಏನೆಂದು ತಿಳಿಯಬೇಕಾದರೆ ನಾಲ್ಕು ದೇಶದ ನಾಲ್ಕು ಚಿತ್ರ ಸಾಕು. ನಾಲ್ಕರಲ್ಲೂ ಮಾತು ಇಲ್ಲವೆನ್ನುವಷ್ಟು ಕಡಿಮೆ. ಇಂಗ್ಲಿಷು, ಫ್ರೆಂಚು ಬರದವರಿಗೂ ಚಿಂತೆಯಿಲ್ಲ.

ಕಂಡಕ್ಟರು ಹತ್ತಿಸದ ಬಲೂನು

ಮೊದಲನೆಯದು ಫ್ರಾನ್ಸಿನದು. ಆಲ್ಬೆರ್ ಲಾಮೊರಿಸ್ 1956ರಲ್ಲಿ ಮಾಡಿದ ‘ಕೆಂಪು ಬಲೂನು’. 34 ನಿಮಿಷ. ಸ್ಕೂಲಿಗೆ ಹೊರಟ ಹುಡುಗನೊಬ್ಬನಿಗೆ ದೀಪದ ಕಂಬಕ್ಕೆ ಸಿಕ್ಕಿಕೊಂಡ ದೊಡ್ಡ ಕೆಂಪು ಬಲೂನು ಸಿಗುತ್ತದೆ. ಅದನ್ನು ಹಿಡಿದುಕೊಂಡು ಬಸ್ ಹತ್ತಲು ಹೋಗುತ್ತಾನೆ. ಬಲೂನಿದ್ದರೆ ಹತ್ತಬೇಡ ಎನ್ನುತ್ತಾನೆ ಕಂಡಕ್ಟರ್! ಕಂಡಕ್ಟರ್‌ಗಳು ಎಲ್ಲ ಊರಿನಲ್ಲೂ ಒಂದೇ ನೋಡಿ. ಹುಡುಗ ಬಲೂನು ಬಿಡುವುದಿಲ್ಲ, ಬಸ್ಸನ್ನೇ ಬಿಟ್ಟು ಓಡುತ್ತಾನೆ.

ಮರುದಿನದಿಂದ ಬಲೂನೇ ಅವನ ಹಿಂದೆ ಬರುತ್ತದೆ, ಸಾಕಿದ ನಾಯಿಯ ಹಾಗೆ. ಹುಡುಗ ಬಸ್ಸಿನ ಒಳಗೆ, ಬಲೂನು ಬಸ್ಸಿನ ಹಿಂದೆ. ಕ್ಲಾಸಿಗೂ ನುಗ್ಗುತ್ತದೆ, ಮಕ್ಕಳ ಗಲಾಟೆ, ಹುಡುಗನಿಗೆ ಶಿಕ್ಷೆ. ಬೀದಿಯ ಪುಂಡ ಹುಡುಗರ ಕಣ್ಣು ಅದರ ಮೇಲೆ ಬೀಳುತ್ತದೆ, ಕವಣೆ ಕಲ್ಲು ಹೊರಬರುತ್ತವೆ. ಆಮೇಲೇನಾಯಿತು ಎಂದು ಇಲ್ಲಿ ಬರೆದರೆ ನೋಡುವವರ ಮಜಾ ಕೆಡುತ್ತದೆ.

ನಾಯಕನಾಗಿ ನಟಿಸಿದವನು ನಿರ್ದೇಶಕನ ಮಗ ಪಾಸ್ಕಲ್. ನೀಲಿ ಬಲೂನು ಹಿಡಿದು ಒಂದು ಕ್ಷಣ ಬಂದುಹೋಗುವ ಹುಡುಗಿ ಮಗಳು. ಸ್ಟುಡಿಯೋ ಇಲ್ಲ, ಸೆಟ್ಟಿಂಗಿಲ್ಲ, ಪ್ಯಾರಿಸ್ಸಿನ ಮೆನಿಲ್‌ಮೊಂತಾಂ ಬಡಾವಣೆಯ ಹಳೇ ಬೀದಿಗಳೇ ಸಾಕಾದವು. ಚಿತ್ರಕ್ಕೆ ಕಾನ್ ಉತ್ಸವದ ಬಹುಮಾನ ಬಂತು. ಅದಕ್ಕಿಂತ ಮಿಗಿಲಾದ ಸೋಜಿಗ, ಉದ್ದದ ಚಿತ್ರಗಳ ಜೊತೆ ಸ್ಪರ್ಧಿಸಿ ಚಿತ್ರಕತೆಗೆ ಆಸ್ಕರ್ ಹೊಡೆಯಿತು. ಮಾತೇ ಇಲ್ಲದ ಚಿತ್ರದ ಬರವಣಿಗೆಗೆ ಬಹುಮಾನ! ಡೈಲಾಗೇ ಸಿನಿಮಾ ಎಂದು ನಂಬಿದವರು ಇದನ್ನೊಮ್ಮೆ ಯೋಚಿಸಬೇಕು.

ಬೇಲಿ ಮೇಲೊಂದು ಹೂವು

ಎರಡನೆಯದು ಕೆನಡಾದ್ದು. ‘ನೇಬರ್ಸ್’, ಅಂದರೆ ನೆರೆಹೊರೆಯವರು. 1952ರದು, ಎಂಟು ನಿಮಿಷ. ಮಾಡಿದವರು ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾ ಸೇರಿದ ನಾರ್ಮನ್ ಮೆಕ್ಲಾರೆನ್. ಆಗ ಕೊರಿಯಾದಲ್ಲಿ ಯುದ್ಧ ನಡೆಯುತ್ತಿತ್ತು. ಅದಕ್ಕೆ ಸ್ವಲ್ಪ ಮುಂಚೆ ಮೆಕ್ಲಾರೆನ್ ಯುನೆಸ್ಕೊ ಕೆಲಸದ ಮೇಲೆ ಚೀನಾದಲ್ಲಿ ಇದ್ದು ಬಂದಿದ್ದರು. ಆ ಸಂಕಟ ಚಿತ್ರವಾಯಿತು.

ಕತೆ ತಾಲ್ಲೂಕು ಕಚೇರಿಯ ಸುತ್ತಮುತ್ತ ಓಡಾಡುವವರಿಗೆ ಹೊಸದೇನಲ್ಲ. ಅಕ್ಕಪಕ್ಕದ ಇಬ್ಬರು ಕುರ್ಚಿ ಹಾಕಿಕೊಂಡು ಪೇಪರು ಓದುತ್ತಾ ಕೂತಿದ್ದಾರೆ. ಇಬ್ಬರ ಜಾಗದ ನಡುವೆ ಒಂದು ಹೂವು ಅರಳುತ್ತದೆ. ಇಬ್ಬರೂ ಅದರ ಪರಿಮಳಕ್ಕೆ ಮರುಳಾಗಿ ಕುಣಿಯುತ್ತಾರೆ. ಆಮೇಲೆ ಪ್ರಶ್ನೆ ಹುಟ್ಟುತ್ತದೆ: ಹೂವು ಯಾರದು? ಬೇಲಿ ಬರುತ್ತದೆ. ಬೇಲಿ ಅತ್ತ ಸರಿಯುತ್ತದೆ, ಇತ್ತ ಸರಿಯುತ್ತದೆ. ಅದೇ ಬೇಲಿಯ ಗೂಟ ಕತ್ತಿಯಾಗುತ್ತದೆ. ಹೊಡೆದಾಟದಲ್ಲಿ ಹೂವು ಕಾಲಡಿ ಸಿಕ್ಕಿ ಹೊಸಕಿಹೋಗುತ್ತದೆ. ಇಬ್ಬರಿಗೂ ಅದರ ನೆನಪಿಲ್ಲ! ಕೊನೆಗೆ ಎರಡು ಗೋರಿ, ಗೋರಿಗೊಂದು ಹೂವು. ಪಕ್ಕದವನನ್ನು ಪ್ರೀತಿಸು ಎಂಬ ಮಾತು ಒಂದಾದ ಮೇಲೊಂದು ಭಾಷೆಯಲ್ಲಿ ಪರದೆಯ ಮೇಲೆ ಬರುತ್ತದೆ.

ಬೊಂಬೆಗಳನ್ನು ಒಂದೊಂದು ಚೌಕಟ್ಟಿಗೆ ಸ್ವಲ್ಪ ಸ್ವಲ್ಪ ಜರುಗಿಸಿ ಚಿತ್ರ ತೆಗೆದು ಓಡಿಸುವ ಕಲೆ ಆಗಲೇ ಇತ್ತು. ಮೆಕ್ಲಾರೆನ್ ಬೊಂಬೆಯ ಜಾಗದಲ್ಲಿ ಜೀವಂತ ಮನುಷ್ಯರನ್ನೇ ನಿಲ್ಲಿಸಿದರು. ಅದಕ್ಕೇ ಇಬ್ಬರೂ ನೆಲ ಮುಟ್ಟದೆ ಜಾರುತ್ತಾರೆ, ಗಾಳಿಯಲ್ಲಿ ತೇಲುತ್ತಾರೆ. ಕಾರ್ಟೂನಿನ ಹಾಗೆ ನಗಿಸುತ್ತಾ ಶುರುವಾದದ್ದು ನಾಲ್ಕೇ ನಿಮಿಷದಲ್ಲಿ ಮೈ ಜುಮ್ಮೆನಿಸುತ್ತದೆ. ಇಬ್ಬರೂ ಪರಸ್ಪರರ ಹೆಂಡತಿ ಮಗುವಿನ ಮೇಲೆ ಬೀಳುವ ದೃಶ್ಯ ಅತಿಯಾಯಿತೆಂದು ಕೆಲವು ಪ್ರಿಂಟುಗಳಿಂದ ಅದನ್ನು ಕತ್ತರಿಸಲಾಗಿತ್ತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅದನ್ನು ವಾಪಸ್ ಸೇರಿಸಿದರು. ಯುದ್ಧದಲ್ಲಿ ಸಾಯುವವರು ಯಾರು ಎಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಆಸ್ಕರ್‌ನವರು ಇದಕ್ಕೆ ಕೊಟ್ಟದ್ದು ಸಾಕ್ಷ್ಯಚಿತ್ರದ ಪ್ರಶಸ್ತಿ. ಕಟ್ಟುಕತೆಗೆ ಸಾಕ್ಷ್ಯದ ಬಹುಮಾನ ಯಾಕೆ ಎಂದು ಕೇಳಬಹುದು. ಸಿವಿಲ್ ಕೋರ್ಟಿನ ಆವರಣದಲ್ಲಿ ಒಂದು ಗಂಟೆ ನಿಂತರೆ ಉತ್ತರ ಸಿಗುತ್ತದೆ.

ರೊಟ್ಟಿ ತಂದ ಹುಡುಗ

ಮೂರನೆಯದು ಇರಾನಿನದು. ಅಲ್ಲಿ ಮಕ್ಕಳ ಬುದ್ಧಿ ಬೆಳವಣಿಗೆಗೆಂದೇ ಇದ್ದ ‘ಕಾನೂನ್’ ಎಂಬ ಸಂಸ್ಥೆಯಲ್ಲಿ ಸಿನಿಮಾ ವಿಭಾಗ ತೆರೆದರು. ಅಬ್ಬಾಸ್ ಕಿಯಾರೊಸ್ತಮಿ ಎಂಬ ತರುಣ 1970ರಲ್ಲಿ ತನ್ನ ಮೊದಲ ಚಿತ್ರ ಮಾಡಿದ್ದು ಅಲ್ಲೇ. ಹೆಸರು ‘ರೊಟ್ಟಿ ಮತ್ತು ಓಣಿ’. ಸುಮಾರು ಹತ್ತು ನಿಮಿಷ, ಕಪ್ಪು ಬಿಳುಪು.

ಹುಡುಗ ಅಂಗಡಿಯಿಂದ ರೊಟ್ಟಿ ತರುತ್ತಿದ್ದಾನೆ. ಓಣಿಯ ತಿರುವಿನಲ್ಲಿ ನಾಯಿ. ಅಷ್ಟೇ ಕತೆ! ಮುಂದೆ ಹೋಗಲು ಭಯ, ಹಿಂದೆ ಹೋದರೆ ಮನೆಯಿಲ್ಲ. ದೊಡ್ಡವರು ಯಾರಾದರೂ ಬರಲಿ ಎಂದು ಕಾಯುತ್ತಾನೆ. ಯಾರಿಗೂ ಇವನ ಕಷ್ಟ ಕಾಣುವುದಿಲ್ಲ. ಕಿವಿ ಮಂದವಾದ ಮುದುಕರೊಬ್ಬರ ಬೆನ್ನಿಗೆ ಅಂಟಿಕೊಂಡು ಹೊರಟರೆ ಅವರು ನಡುದಾರಿಯಲ್ಲೇ ಬೇರೆ ಓಣಿಗೆ ತಿರುಗಿಬಿಡುತ್ತಾರೆ. ಕೊನೆಗೆ ಹುಡುಗ ಮನೆಗೆಂದು ತಂದ ರೊಟ್ಟಿಯಲ್ಲಿ ಒಂದು ತುಂಡು ಮುರಿದು ನಾಯಿಗೆ ಎಸೆಯುತ್ತಾನೆ. ನಾಯಿ ಬಾಲ ಅಲ್ಲಾಡಿಸುತ್ತಾ ಅವನ ಹಿಂದೆಯೇ ಬರುತ್ತದೆ. ಕತೆ ಸುಖವಾಗಿ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಬ್ಬ ಹುಡುಗ ಕೈಯಲ್ಲಿ ಬಟ್ಟಲು ಹಿಡಿದು ಅದೇ ದಾರಿಗೆ ಬರುತ್ತಾನೆ...

ಹುಡುಗ ನಾಯಿ ಇಬ್ಬರನ್ನೂ ಕತ್ತರಿಸದೆ ಒಂದೇ ಶಾಟಿನಲ್ಲಿ ಹಿಡಿಯಬೇಕೆಂದು ಕಿಯಾರೊಸ್ತಮಿ ಹಟ. ಬೇರೆ ಬೇರೆ ತೆಗೆದು ಜೋಡಿಸಿದರಾಯಿತು ಎಂದು ಅನುಭವಸ್ಥ ಕ್ಯಾಮೆರಾಮನ್. ಹಟವೇ ಗೆದ್ದಿತು, ಅದಕ್ಕಾಗಿ ಬಹಳ ದಿನ ಕಾಯಬೇಕಾಯಿತು. ಇದೇ ತರುಣ ಮುಂದೆ 1997ರಲ್ಲಿ ಕಾನ್‌ನ ಅತಿ ದೊಡ್ಡ ಪ್ರಶಸ್ತಿ ಹೊಡೆದು ಇರಾನಿನ ಸಿನಿಮಾವನ್ನು ಜಗತ್ತಿನ ನಕ್ಷೆಯ ಮೇಲಿಟ್ಟರು. ಆದರೂ ಅವರ ಇಡೀ ದಾರಿ ಈ ಹತ್ತು ನಿಮಿಷದ ಓಣಿಯಲ್ಲೇ ಇದೆ ಅನ್ನುವವರಿದ್ದಾರೆ.

ಗಾಜು ಊದುವ ಕೈ

ನಾಲ್ಕನೆಯದು ಹಾಲೆಂಡಿನ ಬರ್ಟ್ ಹಾನ್‌ಸ್ಟ್ರಾ 1958ರಲ್ಲಿ ಮಾಡಿದ ‘ಗ್ಲಾಸ್’. 11 ನಿಮಿಷ. ಗಾಜಿನ ಕಾರ್ಖಾನೆಯ ಚಿತ್ರ. ಮೊದಲು ಕೈಕೆಲಸದವರು ಕೆನ್ನೆ ಉಬ್ಬಿಸಿ ಕೊಳವೆ ಊದುತ್ತಾರೆ, ಕೆಂಡದ ಉಂಡೆ ಹೂಜಿಯಾಗುತ್ತದೆ. ಹಿನ್ನೆಲೆಯಲ್ಲಿ ಜಾಸ್ ಸಂಗೀತ, ಊದುವವರೇ ವಾದ್ಯಗಾರರೇನೋ ಅನ್ನುವ ಹಾಗೆ. ಆಮೇಲೆ ಮಿಷಿನ್ನು. ಬಾಟಲಿಗಳ ಸಾಲು ಕವಾಯತಿನಂತೆ ಬರುತ್ತದೆ. ಒಂದು ಬಾಟಲಿಯ ಕುತ್ತಿಗೆ ಮುರಿದಿದೆ. ಮಿಷಿನ್ನಿನ ಕೈಗೆ ಅದು ಸಿಗದು, ಅದನ್ನು ಬಿಡಲೂ ಮಿಷಿನ್ನಿಗೆ ತಿಳಿಯದು. ಹಿಂದಿನವು ಒಂದರ ಮೇಲೊಂದು ಬಿದ್ದು ಚೂರು ಚೂರು! ಕೊನೆಗೆ ಮನುಷ್ಯನ ಕೈಯೊಂದು ಬಂದು ಅದನ್ನು ತೆಗೆದಿಟ್ಟ ಮೇಲೆ ಸಾಲು ಮತ್ತೆ ಹೊರಡುತ್ತದೆ. ಮಿಷಿನ್ನು ಕೆಟ್ಟದ್ದು ಎಂದು ಯಾರೂ ಭಾಷಣ ಮಾಡುವುದಿಲ್ಲ. ಕಂಪ್ಯೂಟರು ‘ಸರ್ವರ್ ಇಲ್ಲ’ ಅಂದಾಗ ಕೌಂಟರಿನ ಮುಂದೆ ಅರ್ಧ ದಿನ ನಿಂತವರಿಗೆ ಭಾಷಣದ ಅಗತ್ಯವೂ ಇಲ್ಲ. ಇದಕ್ಕೂ ಆಸ್ಕರ್ ಬಂತು.

ಟೈರಿನ ಊರು, ಕಲ್ಲಿದ್ದಲಿನ ಊರು

ಇಂಥ ಚಿತ್ರಗಳು ಜನರ ಕಣ್ಣಿಗೆ ಬಿದ್ದದ್ದು ಹೇಗೆ? ಟಾಕೀಸುಗಳಿಗೆ ಅವುಗಳಲ್ಲಿ ಲಾಭವಿರಲಿಲ್ಲ. ಕೈಹಿಡಿದದ್ದು ಉತ್ಸವಗಳು. ಅದರಲ್ಲೂ ಮುಖ್ಯವಾದ ಎರಡು ಉತ್ಸವ ಹುಟ್ಟಿದ್ದು ರಾಜಧಾನಿಗಳಲ್ಲಲ್ಲ, ನಮ್ಮ ಜಿಲ್ಲಾ ಕೇಂದ್ರಗಳಂಥ ಊರುಗಳಲ್ಲಿ.

ಓಬರ್‌ಹೌಸನ್ ಎಂಬುದು ಪಶ್ಚಿಮ ಜರ್ಮನಿಯ ಕಲ್ಲಿದ್ದಲು, ಉಕ್ಕಿನ ಊರಾಗಿತ್ತು. ಹೊಗೆ, ಕಾರ್ಖಾನೆ, ಪಾಳಿ ಕೆಲಸ. ಅಲ್ಲಿನ ವಯಸ್ಕರ ಶಿಕ್ಷಣ ಕೇಂದ್ರವನ್ನು ನಡೆಸುತ್ತಿದ್ದ ಹಿಲ್ಮಾರ್ ಹಾಫ್‌ಮನ್ 1954ರಲ್ಲಿ ಕಿರುಚಿತ್ರಗಳ ಉತ್ಸವ ಶುರು ಮಾಡಿದರು. ಅದಕ್ಕೆ ಆಮೇಲೆ ಇಟ್ಟ ಘೋಷಣೆ ‘ನೆರೆಯವನ ಕಡೆಗೆ ದಾರಿ’. ಅಮೆರಿಕದ ಬಣ, ರಷ್ಯದ ಬಣ ಹಲ್ಲು ಮಸೆಯುತ್ತಿದ್ದ ಕಾಲದಲ್ಲಿ ಪೋಲೆಂಡು, ಯುಗೊಸ್ಲಾವಿಯದ ಚಿತ್ರಗಳನ್ನು ಪಶ್ಚಿಮದ ಜನ ನೋಡಿದ್ದು ಅಲ್ಲಿ.

ಫ್ರಾನ್ಸಿನ ಕ್ಲೆರ್ಮೊಂ ಫೆರಾಂ ಮಿಷಲಿನ್ ಟೈರಿನ ಊರು. 1979ರಲ್ಲಿ ಅಲ್ಲಿನ ಕಾಲೇಜು ಹುಡುಗರ ಸಿನಿಮಾ ಕೂಟ ಒಂದು ವಾರ ಕಿರುಚಿತ್ರ ತೋರಿಸಿತು. ಜನ ಬಂದರು. ಮುಂದಿನ ವರ್ಷಗಳಲ್ಲಿ ಇನ್ನೂ ಬಂದರು. ಇವತ್ತು ಜಗತ್ತಿನ ಅತಿ ದೊಡ್ಡ ಕಿರುಚಿತ್ರೋತ್ಸವ ಯಾವುದೆಂದರೆ ಜನ ಹೇಳುವುದು ಅದೇ ಊರಿನ ಹೆಸರು. ಚಳಿಗಾಲದಲ್ಲಿ ಟೈರಿನ ಊರಿನವರು ಟಿಕೆಟ್ಟಿಗೆ ಕ್ಯೂ ನಿಲ್ಲುತ್ತಾರೆ.

ಅದು ವಿಲಾಯತಿ, ಇಲ್ಲಿ ಆಗದು ಎನ್ನುವವರು ಹೆಗ್ಗೋಡಿನ ಕಡೆ ನೋಡಲಿ. ಸಾಗರ ತಾಲ್ಲೂಕಿನ ಅಡಿಕೆ ತೋಟದ ಹಳ್ಳಿ ಅದು. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಅಲ್ಲಿ ಚಿತ್ರಸಮಾಜ ಕಟ್ಟಿ, ದೇಶವಿದೇಶದ ಚಿತ್ರಗಳನ್ನು ತರಿಸಿ ಹಳ್ಳಿಯವರಿಗೆ ತೋರಿಸಿತು. ಸಿನಿಮಾ ನೋಡುವುದು ಹೇಗೆಂದು ಶಿಬಿರಗಳನ್ನೇ ನಡೆಸಿತು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುತ್ತಾ ಎಂದು ಪೇಟೆಯವರು ಕೇಳಿದ್ದರು. ಹಳ್ಳಿಯವರು ಕೂತು ನೋಡಿದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕೋಳಿ ಕದ್ದ ಅಜ್ಜಿ

ಕನ್ನಡದವರು ಕಿರುಚಿತ್ರದಲ್ಲಿ ಹಿಂದೆ ಬಿದ್ದವರೂ ಅಲ್ಲ. ಗಿರೀಶ ಕಾಸರವಳ್ಳಿ ‘ಘಟಶ್ರಾದ್ಧ’ದಿಂದ ಹೆಸರಾಗುವ ಮುಂಚೆ, ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಓದುವಾಗ ಮಾಡಿದ ‘ಅವಶೇಷ್’ ಎಂಬ ಪುಟ್ಟ ಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂದಿತ್ತು.

2024ರಲ್ಲಿ ಇನ್ನೂ ದೊಡ್ಡ ಸುದ್ದಿ. ಅದೇ ಇನ್‌ಸ್ಟಿಟ್ಯೂಟಿನಲ್ಲಿ ಓದಿದ ಚಿದಾನಂದ ಎಸ್. ನಾಯ್ಕ್ ಮಾಡಿದ 16 ನಿಮಿಷದ ಕನ್ನಡ ಚಿತ್ರ ಕಾನ್‌ನಲ್ಲಿ ವಿದ್ಯಾರ್ಥಿ ಚಿತ್ರಗಳ ವಿಭಾಗದ ಮೊದಲ ಬಹುಮಾನ ಹೊಡೆಯಿತು. ಸಿನಿಮಾಕ್ಕೆ ಬರುವ ಮುಂಚೆ ಇವರು ಓದಿದ್ದು ಡಾಕ್ಟರಿಕೆ. ಚಿತ್ರದ ಇಂಗ್ಲಿಷ್ ಹೆಸರಿನ ಅರ್ಥ, ಮೊದಲು ತಿಳಿದದ್ದು ಸೂರ್ಯಕಾಂತಿಗಳಿಗೆ ಎಂದು. ಕತೆ ಯಾವುದು ಗೊತ್ತೇ? ತನ್ನ ಕೋಳಿ ಕೂಗಿದರೇನೇ ಊರಿಗೆ ಬೆಳಗಾಗುವುದು ಎಂಬ ಅಜ್ಜಿಯ ಕತೆ ಕೇಳದ ಕನ್ನಡದ ಮಗು ಉಂಟೇ? ಅದೇ ಬೇರಿನದು. ಚಿತ್ರದಲ್ಲಿ ಮುದುಕಿಯೊಬ್ಬಳು ಊರಿನ ಹುಂಜ ಕದಿಯುತ್ತಾಳೆ, ಸೂರ್ಯ ಹುಟ್ಟುವುದೇ ಇಲ್ಲ! ಊರು ಕತ್ತಲಲ್ಲಿ ಕಂಗಾಲು. ಕತೆಯೆಲ್ಲ ಕತ್ತಲಲ್ಲಿ ನಡೆಯುವುದರಿಂದ ರಾತ್ರಿ ಹೊತ್ತಿನಲ್ಲೇ, ನಾಲ್ಕು ದಿನದಲ್ಲಿ ಶೂಟಿಂಗು ಮುಗಿಯಿತು. ಆಸ್ಕರ್ ಸ್ಪರ್ಧೆಗೂ ಇದು ಅರ್ಹತೆ ಪಡೆಯಿತು. ಅಜ್ಜಿ ಹೇಳಿದ ಕತೆ ಫ್ರಾನ್ಸ್ ದಾಟಿ ಅಮೆರಿಕದವರೆಗೆ ಹೋಯಿತು. ಅಜ್ಜಿಯ ಊರುಗಳಲ್ಲಿ ಎಷ್ಟು ಜನ ನೋಡಿದರು?

ತೊಂದರೆ ಎಲ್ಲಿದೆ?

ಹಿಂದೆ ತೊಂದರೆ ಸರಳವಾಗಿತ್ತು. ಚಿತ್ರ ಇದೆ, ಪ್ರಿಂಟು ಇಲ್ಲ. ಪ್ರಿಂಟು ಬಂದರೆ ಪ್ರೊಜೆಕ್ಟರ್ ಇಲ್ಲ. ಪ್ರೊಜೆಕ್ಟರ್ ಸಿಕ್ಕಿದರೆ ಕರೆಂಟಿಲ್ಲ. ಈಗ ಎಲ್ಲ ಇದೆ. ಮೆಕ್ಲಾರೆನ್ ಕೆಲಸ ಮಾಡಿದ ಕೆನಡಾದ ರಾಷ್ಟ್ರೀಯ ಫಿಲಂ ಮಂಡಳಿ 2009ರಿಂದ ತನ್ನ ಸಾವಿರಾರು ಚಿತ್ರಗಳನ್ನು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದೆ. ಫಿಲಂಸ್ ಡಿವಿಜನ್ನಿನ ಹಳೇ ಚಿತ್ರಗಳೂ ಬಹಳಷ್ಟು ಯೂಟ್ಯೂಬಿನಲ್ಲಿವೆ. ಗಲ್ಲದ ಮೇಲೆ ಕೂತ ಸಾಹುಕಾರರಿಂದ ಹಿಡಿದು ಬಸ್ಸಿನ ಕಿಟಕಿ ಸೀಟಿನ ಹುಡುಗಿಯವರೆಗೆ ಎಲ್ಲರ ಕೈಯಲ್ಲೂ ಪರದೆ ಇದೆ.

ಆದರೆ ಆ ಪರದೆಯ ಮೇಲೆ ಓಡುತ್ತಿರುವುದು ಏನು? ಅರ್ಧ ನಿಮಿಷದ ರೀಲ್ಸು. ಒಂದು ಕುಣಿತ, ಒಂದು ಬೈಗುಳ, ಒಂದು ಬೀಳಾಟ, ಹೆಬ್ಬೆರಳು ಎಳೆದರೆ ಇನ್ನೊಂದು. ಇಳಿಯುವ ಸ್ಟಾಪು ಬಂದಾಗ ನೋಡಿದ್ದರಲ್ಲಿ ಒಂದೂ ನೆನಪಿರದು. ಇದೂ ಚಿಕ್ಕದು, ಅದೂ ಚಿಕ್ಕದು, ವ್ಯತ್ಯಾಸ ಏನು ಎಂದರೆ ಕಡಲೆಬೀಜದ ಸಿಪ್ಪೆಗೂ ಬೀಜಕ್ಕೂ ಇರುವಷ್ಟೇ. ರೀಲು ಮುಂದಿನ ರೀಲಿಗೆ ತಳ್ಳುತ್ತದೆ. ಒಳ್ಳೆಯ ಕಿರುಚಿತ್ರ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸುತ್ತದೆ.

ಹಿಂದೆ ಸರಕಾರ ಕಟ್ಟಿಹಾಕಿ ತೋರಿಸಿತು, ಜನ ಎದ್ದು ಹೋದರು. ಈಗ ಯಾರೂ ಕಟ್ಟಿಹಾಕುವುದಿಲ್ಲ, ಯಾರೂ ಕರೆಯುವುದೂ ಇಲ್ಲ. ‘ಬನ್ರೀ, ಇದೊಂದು ನೋಡಿ’ ಎಂದು ಆರಿಸಿ ಕೊಡುವವರೇ ಇಲ್ಲ. ಓಬರ್‌ಹೌಸನ್ನಿನಲ್ಲಿ, ಹೆಗ್ಗೋಡಿನಲ್ಲಿ ಆದದ್ದು ಅಷ್ಟೇ: ಒಬ್ಬರು ಆರಿಸಿದರು, ನಾಲ್ಕು ಜನರನ್ನು ಕರೆದರು, ಒಂದು ಕೋಣೆಯ ದೀಪ ಆರಿಸಿದರು.

ಲೆಕ್ಕ ಹಾಕಿ ನೋಡಿ. ಬಲೂನಿಗೆ 34 ನಿಮಿಷ, ಬೇಲಿಗೆ 8, ರೊಟ್ಟಿಗೆ 10, ಗಾಜಿಗೆ 11, ಕೋಳಿಗೆ 16. ಐದು ದೇಶ ಸುತ್ತಿ ಬಂದರೂ 80 ನಿಮಿಷ ಆಗುವುದಿಲ್ಲ. ಇಂಟರ್‌ವಲ್ಲಿನಲ್ಲಿ ಚಾ ಕುಡಿದರೂ ಒಂದೂವರೆ ಗಂಟೆಯಲ್ಲಿ ಮನೆ ಸೇರಬಹುದು. ಪೇಟೆಗೆ ವಾರದ ರಜೆ ಹೇಗೂ ಇದೆ. ಲೈಬ್ರರಿಯ ಹಾಲೋ, ಸ್ಕೂಲಿನ ಕೋಣೆಯೋ, ವರ್ತಕರ ಸಂಘದ ಮಹಡಿಯೋ ಯಾವುದಾದರೂ ಸಿಕ್ಕೀತು. ಪ್ರೊಜೆಕ್ಟರು ದಿನಬಾಡಿಗೆಗೆ ಸಿಗುತ್ತದೆ. ಒಂದು ಎಚ್ಚರ ಮಾತ್ರ ಇರಲಿ: ಮನೆಯಲ್ಲಿ ನೋಡುವುದು ಬೇರೆ, ಹತ್ತು ಜನ ಸೇರಿಸಿ ತೋರಿಸುವುದು ಬೇರೆ. ಅದಕ್ಕೆ ಚಿತ್ರದ ಹಕ್ಕಿದ್ದವರ ಒಪ್ಪಿಗೆ ಬೇಕು. ಬರೆದು ಕೇಳಬೇಕು, ಕೇಳದೆ ತೋರಿಸಬಾರದು.

ಗಣಪತಿಗೆ, ಕ್ರಿಕೆಟ್ ಟೂರ್ನಮೆಂಟಿಗೆ ರಶೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಹತ್ತುವ ಹುಡುಗರಿಗೆ ಇದೇನೂ ಭಾರದ ಕೆಲಸವಲ್ಲ. ಮೊದಲ ದಿನ ಹತ್ತೇ ಜನ ಬಂದರೂ ಬೇಸರಪಡಬೇಕಾದ್ದಿಲ್ಲ. ಪ್ಯಾರಿಸ್ಸಿನ ಮೊದಲ ಆಟಕ್ಕೆ ಟಿಕೆಟ್ ಕೊಂಡವರು 33 ಜನ ಮಾತ್ರ.